ನಾವಿರುವ ವಾರ್ಡು ನಮ್ಮದಲ್ಲವೇ?

ಮಹಾರಾಷ್ಟ್ರದ 29 ಮಹಾನಗರ ಪಾಲಿಕೆಗಳಿಗೆ 2026ರ ಜನವರಿ 15ರಂದು ಮತದಾನ ನಡೆಯಿತು. ಪುಣೆ ಮತ್ತು ಮುಂಬೈಗೆ ಇದು ಸುಮಾರು ಒಂಬತ್ತು ವರ್ಷಗಳ ನಂತರ ಬಂದ ಪಾಲಿಕೆ ಚುನಾವಣೆ. 2017ರ ಫೆಬ್ರುವರಿಯಲ್ಲಿ ಆಯ್ಕೆಯಾದವರ ಅವಧಿ 2022ರ ಮಾರ್ಚ್‌ನಲ್ಲೇ ಮುಗಿದಿತ್ತು. ಆಮೇಲೆ ನಾಲ್ಕು ವರ್ಷಗಳ ಹತ್ತಿರ ಹತ್ತಿರ ಈ ನಗರಗಳಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಇಷ್ಟು ಕಾಲ ಕಾದು ಬಂದ ಮತದಾನವನ್ನು ಇಲ್ಲಿನ ಕನ್ನಡಿಗರಲ್ಲಿ ಅನೇಕರು ಹೇಗೆ ನೋಡಿದೆವು ಎಂಬುದು ಗುಟ್ಟೇನಲ್ಲ. ಸಂಕ್ರಾಂತಿಯ ಹೊತ್ತಿಗೇ ಬಂದ ಗುರುವಾರದ ರಜೆ. ಶುಕ್ರವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ ಊರು.

ಊರಿಗೆ ಹೋಗುವುದು ತಪ್ಪಲ್ಲ. ಎಳ್ಳುಬೆಲ್ಲ ಬೀರುವುದಕ್ಕೆ ಅಪ್ಪ ಅಮ್ಮನ ಹತ್ತಿರ ಹೋಗಬೇಡಿ ಎಂದು ಯಾರೂ ಹೇಳಲಾರರು. ಆದರೆ ಇದರ ಹಿಂದೆ ನಮ್ಮಲ್ಲಿ ಬೇರೂರಿರುವ ಒಂದು ಲೆಕ್ಕಾಚಾರವಿದೆ. ವಿಧಾನಸಭೆಗೆ ಊರಿನಲ್ಲಿ ಮತ ಹಾಕುತ್ತೇವೆ, ಲೋಕಸಭೆಯ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಜಗಳವಾಡುತ್ತೇವೆ, ಪಾಲಿಕೆ ಮಾತ್ರ ‘ಇಲ್ಲಿಯವರ’ ವಿಷಯ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ನಮ್ಮ ಕಸ, ನಮ್ಮ ನೀರು, ನಮ್ಮ ಮಕ್ಕಳು ನಡೆಯುವ ಫುಟ್‌ಪಾತ್ ಎಲ್ಲವೂ ಇಲ್ಲಿವೆ. ಇವುಗಳ ಬಗ್ಗೆ ಪ್ರಶ್ನೆ ಕೇಳಲೆಂದೇ ಸಂವಿಧಾನ ಸೃಷ್ಟಿಸಿದ ಜಾಗ ಪಾಲಿಕೆಯ ಸಭೆ. ಆ ಜಾಗ ಖಾಲಿಯಾದರೆ ಏನಾಗುತ್ತದೆ ಎಂಬುದನ್ನು ಪುಣೆ ಕಣ್ಣಾರೆ ಕಂಡಿದೆ.

ಸಭೆ ಇರುವುದು ಏತಕ್ಕೆ?

ಕಾರ್ಪೊರೇಟರ್ ಎಂದರೆ ಚರಂಡಿ ಕಟ್ಟಿಕೊಂಡಾಗ ಫೋನ್ ಮಾಡಬೇಕಾದ ಮನುಷ್ಯ ಎಂಬುದು ಸಾಮಾನ್ಯ ಕಲ್ಪನೆ. ಮರಾಠಿಯಲ್ಲಿ ಅವರನ್ನು ‘ನಗರಸೇವಕ’ ಎಂದೇ ಕರೆಯುವುದರಿಂದ ಈ ಕಲ್ಪನೆ ಇನ್ನಷ್ಟು ಗಟ್ಟಿಯಾಗಿದೆ. ಆದರೆ ಚರಂಡಿ ತೆಗೆಸುವುದು ಅಧಿಕಾರಿಗಳ ಕೆಲಸ. ಅದಕ್ಕೆ ಸಂಬಳ ಪಡೆಯುವ ಎಂಜಿನಿಯರ್ ಇದ್ದಾರೆ, ವಾರ್ಡ್ ಕಚೇರಿ ಇದೆ. ಕಾರ್ಪೊರೇಟರ್‌ನ ನಿಜವಾದ ಕೆಲಸ ಬೇರೆ.

1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತವನ್ನು ರಾಜ್ಯ ಸರ್ಕಾರದ ಮರ್ಜಿಯಿಂದ ಬಿಡಿಸಿ ಸಂವಿಧಾನದ ಆಶ್ರಯಕ್ಕೆ ತಂದಿತು. ಅದರೊಂದಿಗೆ ಸೇರಿದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ: ನಗರ ಯೋಜನೆ, ಭೂಬಳಕೆ ಮತ್ತು ಕಟ್ಟಡ ನಿಯಂತ್ರಣ, ರಸ್ತೆ ಮತ್ತು ಸೇತುವೆ, ನೀರು ಪೂರೈಕೆ, ಸಾರ್ವಜನಿಕ ಆರೋಗ್ಯ ಮತ್ತು ಕಸ ವಿಲೇವಾರಿ, ಅಗ್ನಿಶಾಮಕ ಸೇವೆ, ಕೊಳೆಗೇರಿ ಸುಧಾರಣೆ, ಉದ್ಯಾನ, ಸ್ಮಶಾನ, ಬೀದಿದೀಪ, ಜನನ ಮರಣ ನೋಂದಣಿ ಹೀಗೆ. ಹುಟ್ಟಿನಿಂದ ಸಾವಿನವರೆಗೆ ಒಬ್ಬ ನಗರವಾಸಿಯ ದಿನಚರಿಯನ್ನು ಮುಟ್ಟುವ ಬಹುಪಾಲು ಸಂಗತಿಗಳು ಈ ಪಟ್ಟಿಯಲ್ಲಿವೆ. ಇವುಗಳನ್ನು ಎಷ್ಟರಮಟ್ಟಿಗೆ ಪಾಲಿಕೆಗೆ ಬಿಟ್ಟುಕೊಡಬೇಕೆಂಬುದು ರಾಜ್ಯಗಳ ಕೈಯಲ್ಲೇ ಉಳಿದಿದೆ. ಅದು ಈ ತಿದ್ದುಪಡಿಯ ದೊಡ್ಡ ಕೊರತೆ.

ಪುಣೆ ಪಾಲಿಕೆ ನಡೆಯುವುದು 1949ರ ಕಾಯ್ದೆಯಂತೆ, ಮುಂಬೈ ಪಾಲಿಕೆ 1888ರ ಕಾಯ್ದೆಯಂತೆ. ಎರಡರಲ್ಲೂ ಅಧಿಕಾರದ ಹಂಚಿಕೆಯ ತಿರುಳು ಒಂದೇ. ಕೆಲಸ ಮಾಡಿಸುವ ಅಧಿಕಾರ ರಾಜ್ಯ ಸರ್ಕಾರ ನೇಮಿಸುವ ಆಯುಕ್ತರದ್ದು. ಆ ಕೆಲಸಕ್ಕೆ ಹಣ ಮಂಜೂರು ಮಾಡುವ, ದೊಡ್ಡ ಗುತ್ತಿಗೆಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ, ಲೆಕ್ಕ ಕೇಳುವ ಅಧಿಕಾರ ಚುನಾಯಿತ ಸಭೆ ಮತ್ತು ಅದರ ಸ್ಥಾಯಿ ಸಮಿತಿಯದ್ದು. ಆಯುಕ್ತರು ಬಜೆಟ್ ಕರಡನ್ನು ಸ್ಥಾಯಿ ಸಮಿತಿಯ ಮುಂದೆ ಇಡುತ್ತಾರೆ. ಸಮಿತಿ ಅದನ್ನು ತಿದ್ದಿ ಸಾಮಾನ್ಯ ಸಭೆಗೆ ತರುತ್ತದೆ. ಸಭೆ ಚರ್ಚಿಸಿ ಒಪ್ಪುತ್ತದೆ. ಸದಸ್ಯರು ಲಿಖಿತ ಪ್ರಶ್ನೆ ಕೇಳಿದರೆ ಆಡಳಿತ ಲಿಖಿತ ಉತ್ತರ ಕೊಡಬೇಕು. ಆ ಉತ್ತರ ಕಡತದಲ್ಲಿ ಉಳಿಯುತ್ತದೆ, ಮರುದಿನ ಪತ್ರಿಕೆಯಲ್ಲಿ ಬರುತ್ತದೆ.

ನಮ್ಮ ಕ್ಷೇತ್ರದವರಿಗೆ ಇದು ಹೊಸತೇನಲ್ಲ. ಕೋಡ್ ಬರೆದವರೇ ರಿವ್ಯೂ ಮಾಡಿ, ತಾವೇ ಒಪ್ಪಿಗೆ ಕೊಟ್ಟು, ತಾವೇ ಪ್ರೊಡಕ್ಷನ್‌ಗೆ ಹಾಕುವುದಕ್ಕೆ ಯಾವ ಕಂಪನಿಯೂ ಬಿಡುವುದಿಲ್ಲ. ಬರೆದವರ ಪ್ರಾಮಾಣಿಕತೆಯ ಮೇಲೆ ಅನುಮಾನವಿದೆ ಎಂದಲ್ಲ. ತನ್ನ ತಪ್ಪು ತನಗೆ ಕಾಣುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಅದಕ್ಕೆ.

ಕೇಳುವವರೂ ಅವರೇ, ಹೇಳುವವರೂ ಅವರೇ

2022ರ ಮಾರ್ಚ್‌ನಲ್ಲಿ ಅವಧಿ ಮುಗಿದಾಗ ರಾಜ್ಯ ಸರ್ಕಾರ ಆಯುಕ್ತರನ್ನೇ ಆಡಳಿತಾಧಿಕಾರಿಯನ್ನಾಗಿ ನೇಮಿಸಿತು. ಅಂದರೆ ಪ್ರಸ್ತಾವ ಮಂಡಿಸುವ ಆಯುಕ್ತರು, ಅದನ್ನು ಪರಿಶೀಲಿಸುವ ಸ್ಥಾಯಿ ಸಮಿತಿ, ಅಂತಿಮ ಒಪ್ಪಿಗೆ ಕೊಡುವ ಸಾಮಾನ್ಯ ಸಭೆ ಈ ಮೂರೂ ಒಬ್ಬರೇ ವ್ಯಕ್ತಿಯಾದರು. ಬಜೆಟ್ ಮಂಡಿಸಿದವರು ಅವರೇ, ಅಂಗೀಕರಿಸಿದವರೂ ಅವರೇ.

ಮೊತ್ತ ಸಣ್ಣದಲ್ಲ. 2025-26ರ ಮುಂಬೈ ಪಾಲಿಕೆಯ ಬಜೆಟ್ ₹74,427 ಕೋಟಿ. ಅದು ಅದೇ ವರ್ಷದ ಗೋವಾ ರಾಜ್ಯದ ಬಜೆಟ್‌ನ ಎರಡು ಪಟ್ಟಿಗೂ ಹೆಚ್ಚು. ಪುಣೆಯದ್ದು ₹12 ಸಾವಿರ ಕೋಟಿ ದಾಟಿತ್ತು. ಮುಂಬೈಯ ಸುಮಾರು 400 ಕಿಲೋಮೀಟರ್ ರಸ್ತೆಗಳ ಕಾಂಕ್ರೀಟೀಕರಣಕ್ಕೆ ಸುಮಾರು ₹6 ಸಾವಿರ ಕೋಟಿಯ ಗುತ್ತಿಗೆಗಳು ತೀರ್ಮಾನವಾದದ್ದು ಈ ಅವಧಿಯಲ್ಲೇ. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಅದರ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಕೈಯೆತ್ತಲು ಸಭೆಯಲ್ಲಿ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ.

ಇದಕ್ಕೆ ಸಂವಿಧಾನದಲ್ಲಿ ಅವಕಾಶವಿದೆಯೇ? 243ಯು ವಿಧಿಯ ಪ್ರಕಾರ ಪಾಲಿಕೆಯ ಅವಧಿ ಐದು ವರ್ಷ, ಹೆಚ್ಚಿಲ್ಲ. ಆ ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ಸಭೆಯನ್ನು ನಡುವೆ ವಿಸರ್ಜಿಸಿದರೂ ಆರು ತಿಂಗಳ ಒಳಗೆ ಹೊಸ ಸಭೆ ಆಯ್ಕೆಯಾಗಬೇಕು. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಇದನ್ನು ಸ್ಪಷ್ಟವಾಗಿ ಹೇಳಿತು: ವಾರ್ಡ್ ವಿಂಗಡಣೆ, ಮತದಾರರ ಪಟ್ಟಿ ಎಂಬ ನೆಪಗಳಿಂದ ಚುನಾವಣೆ ಮುಂದೂಡುವಂತಿಲ್ಲ. ಆದರೂ ಮಹಾರಾಷ್ಟ್ರದಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿ, ವಾರ್ಡ್‌ಗಳ ಸಂಖ್ಯೆ ಮತ್ತು ವಿಂಗಡಣೆಯ ವ್ಯಾಜ್ಯಗಳಲ್ಲಿ ವರ್ಷಗಳು ಕಳೆದವು. 2025ರ ಮೇ 6ರಂದು ಸುಪ್ರೀಂ ಕೋರ್ಟ್ ನಾಲ್ಕು ತಿಂಗಳಲ್ಲಿ ಚುನಾವಣೆ ಮುಗಿಸಿ ಎಂದು ಆದೇಶಿಸಿತು. ಆ ಗಡುವೂ ಜಾರಿ, ಕೊನೆಗೆ 2026ರ ಜನವರಿ 31ರ ಗಡುವಿನೊಳಗೆ ಮತದಾನವಾಯಿತು.

ಮೀಸಲಾತಿಯ ಪ್ರಶ್ನೆ ನ್ಯಾಯದ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಒಂದು ಮಾತು ಗಮನಿಸಬೇಕು. ವಿಧಾನಸಭೆಯ ಅವಧಿ ಮುಗಿದು ನಾಲ್ಕು ವರ್ಷ ಚುನಾವಣೆ ನಡೆಯದಿದ್ದರೆ ದೇಶದಲ್ಲಿ ಅಲ್ಲೋಲಕಲ್ಲೋಲವಾಗುತ್ತಿತ್ತು. ಪಾಲಿಕೆಯಾದ್ದರಿಂದ ಯಾರ ನಿದ್ದೆಯೂ ಕೆಡಲಿಲ್ಲ, ನಮ್ಮದೂ ಸೇರಿ.

ನಾಂದೇಡ್‌ನ ಬಾವಿ

2021ರ ಜೂನ್ ಕೊನೆಯಲ್ಲಿ ಪುಣೆ ಪಾಲಿಕೆಗೆ ಸುತ್ತಲಿನ 23 ಗ್ರಾಮಗಳನ್ನು ಸೇರಿಸಲಾಯಿತು. ವಾಘೋಲಿ, ಸೂಸ್, ಬಾವಧನ್, ಮ್ಹಾಳುಂಗೆ, ಮಾಂಜರಿ, ನರ್ಹೆ ಈ ಹೆಸರುಗಳು ಪುಣೆಯ ಕನ್ನಡಿಗರಿಗೆ ಪರಿಚಿತ. ಫ್ಲಾಟ್ ಅಥವಾ ಬಾಡಿಗೆ ಮನೆ ಕೈಗೆಟಕುವ ಬೆಲೆಗೆ ಸಿಗುವುದು ಇಂಥ ಅಂಚಿನ ಊರುಗಳಲ್ಲೇ ಆದ್ದರಿಂದ ನಮ್ಮಲ್ಲಿ ಅನೇಕರು ಅಲ್ಲಿದ್ದೇವೆ. ಪಾಲಿಕೆಗೆ ಸೇರಿದ ದಿನ ಈ ಊರುಗಳ ಗ್ರಾಮ ಪಂಚಾಯಿತಿಗಳು ಇಲ್ಲವಾದವು. ಹೊಸ ವಾರ್ಡ್‌ಗಳಿಗೆ ಚುನಾವಣೆ ಆಗುವ ಮೊದಲೇ ಪಾಲಿಕೆಯ ಸಭೆಯ ಅವಧಿಯೂ ಮುಗಿಯಿತು. ಹೀಗಾಗಿ ಸುಮಾರು ನಾಲ್ಕೂವರೆ ವರ್ಷ ಇಲ್ಲಿನ ಜನ ಆರಿಸಿದ ಪಂಚಾಯಿತಿ ಸದಸ್ಯನೂ ಇಲ್ಲ, ಕಾರ್ಪೊರೇಟರೂ ಇಲ್ಲ. ತೆರಿಗೆ ಬಿಲ್ ಮಾತ್ರ ಪಾಲಿಕೆಯ ಹೆಸರಿನಲ್ಲಿ ಬರತೊಡಗಿತು.

ಆ 23 ಗ್ರಾಮಗಳಲ್ಲಿ ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟ್‌ವಾಡಿ ಕೂಡ ಇವೆ. ಈ ನಾಂದೇಡ್ ಮರಾಠವಾಡದ ನಗರವಲ್ಲ, ಪುಣೆಯ ಅಂಚಿನ ಹಳ್ಳಿ. 2025ರ ಜನವರಿಯಲ್ಲಿ ದೇಶವೇ ತಿರುಗಿ ನೋಡುವಂತೆ ಗಿಲ್ಲೈನ್-ಬಾರ್ರೆ ಸಿಂಡ್ರೋಮ್, ಅಂದರೆ ಜಿಬಿಎಸ್, ಕಾಣಿಸಿಕೊಂಡದ್ದು ಮುಖ್ಯವಾಗಿ ಈ ಭಾಗದಲ್ಲಿ. ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬಿದ್ದು ಕೈಕಾಲು ಸೋಲುವ, ಕೆಲವರಿಗೆ ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಗುವ ಕಾಯಿಲೆ ಇದು. ಕೆಲವೇ ವಾರಗಳಲ್ಲಿ ಪುಣೆ ಭಾಗದಲ್ಲಿ 200ಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದವು. ಕೆಲವರು ಪ್ರಾಣ ಕಳೆದುಕೊಂಡರು. ಕೆಲವು ರೋಗಿಗಳ ಮಾದರಿಯಲ್ಲಿ ಕಲುಷಿತ ನೀರು ಆಹಾರದಿಂದ ಬರುವ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಎಲ್ಲರ ಕಣ್ಣೂ ನೀರಿನ ಮೇಲೆ ಹೋಯಿತು. ನಾಂದೇಡ್‌ನ ಒಂದು ಬಾವಿಯಿಂದ ಸುತ್ತಲಿನ ಊರುಗಳಿಗೆ ಹೋಗುತ್ತಿದ್ದ ನೀರಿಗೆ ಕ್ಲೋರಿನ್ ಬೆರೆಸಲಾಗುತ್ತಿತ್ತೇ ಹೊರತು, ಹಳೆಯ ನಗರದ ನೀರಿನಂತೆ ಅದು ಶುದ್ಧೀಕರಣ ಘಟಕದಿಂದ ಹಾದು ಬರುತ್ತಿರಲಿಲ್ಲ ಎಂಬುದು ಆಗ ಊರಿಗೆಲ್ಲ ತಿಳಿಯಿತು.

ಕಾರ್ಪೊರೇಟರ್ ಇದ್ದಿದ್ದರೆ ಕಾಯಿಲೆ ಬರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಸಭೆ ಇರುವ ನಗರಗಳಲ್ಲೂ ನೀರು ಕೆಡುತ್ತದೆ. ಆದರೆ ಇಷ್ಟಂತೂ ನಿಜ: 2021ರಿಂದ 2025ರವರೆಗೆ ಪ್ರತಿ ತಿಂಗಳ ಸಭೆಯಲ್ಲಿ ಎದ್ದು ನಿಂತು ‘ನಮ್ಮ ಊರಿಗೆ ಶುದ್ಧೀಕರಣ ಘಟಕ ಯಾವಾಗ? ಈ ಬಜೆಟ್‌ನಲ್ಲಿ ಅದಕ್ಕೆ ಹಣ ಎಲ್ಲಿದೆ?’ ಎಂದು ಕೇಳುವುದೇ ಕರ್ತವ್ಯವಾಗಿರುವ ಒಬ್ಬ ವ್ಯಕ್ತಿಯನ್ನು ಆ ಜನ ಹೊಂದಿರಲಿಲ್ಲ. ಸೊಸೈಟಿಗಳು ಅರ್ಜಿ ಬರೆದವು, ಟ್ವೀಟ್ ಮಾಡಿದವು, ಆಯುಕ್ತರ ಕಚೇರಿಗೆ ನಿಯೋಗ ಹೋದವು. ಅರ್ಜಿಗೆ ಉತ್ತರ ಕೊಡುವುದು ಅಧಿಕಾರಿಯ ಸೌಜನ್ಯ. ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಅವರ ಬಾಧ್ಯತೆ. ಇವೆರಡರ ನಡುವಿನ ಅಂತರವೇ ಸ್ಥಳೀಯ ಪ್ರಜಾಪ್ರಭುತ್ವ.

‘ಅವರಿಲ್ಲದಿದ್ದರೇ ವಾಸಿ’ ಎನ್ನುವವರಿಗೆ

ಆಫೀಸಿನ ಊಟದ ಮೇಜಿನಲ್ಲಿ ಈ ವಿಷಯ ಎತ್ತಿದರೆ ಬರುವ ಉತ್ತರ ಬಹುತೇಕ ಒಂದೇ: ‘ಕಾರ್ಪೊರೇಟರ್‌ಗಳೆಂದರೆ ಪರ್ಸೆಂಟೇಜ್ ರಾಜಕಾರಣ. ಐಎಎಸ್ ಅಧಿಕಾರಿಯೊಬ್ಬರು ನಿಯತ್ತಾಗಿ ನಡೆಸಿಕೊಂಡು ಹೋದರೆ ಸಾಕಲ್ಲ?’

ಈ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾಗದು. ಗುತ್ತಿಗೆದಾರರ ಜೊತೆಗಿನ ನಂಟು, ಫ್ಲೆಕ್ಸ್ ಹಾವಳಿ, ಪ್ರತಿ ಬೆಂಚಿನ ಮೇಲೂ ಹೆಸರು ಕೆತ್ತಿಸಿಕೊಳ್ಳುವ ಚಾಳಿ ನಮಗೆಲ್ಲ ಗೊತ್ತಿರುವುದೇ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲಾಗದು. ಕೆಟ್ಟ ಕಾರ್ಪೊರೇಟರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು. ಕೆಟ್ಟ ಆಡಳಿತಾಧಿಕಾರಿಯನ್ನು ನಾವು ಕಳಿಸಲಾರೆವು. ಒಳ್ಳೆಯವರನ್ನು ಉಳಿಸಿಕೊಳ್ಳಲೂ ಆಗದು. ಅವರನ್ನು ತರುವುದೂ ಕಳಿಸುವುದೂ ರಾಜ್ಯ ಸರ್ಕಾರ. ಹಾಗಾಗಿ ‘ರಾಜಕೀಯವಿಲ್ಲದ ಆಡಳಿತ’ ಎಂಬುದು ಭ್ರಮೆ. ರಾಜಕೀಯ ವಾರ್ಡ್‌ನಿಂದ ಎದ್ದು ಮಂತ್ರಾಲಯದ ಆರನೇ ಮಹಡಿಗೆ ಹೋಗಿರುತ್ತದೆ, ಅಷ್ಟೇ. ಅಲ್ಲಿಗೆ ನಮ್ಮ ದನಿ ತಲುಪುವುದು ಇನ್ನೂ ಕಷ್ಟ.

ಸಭೆ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಎಂದೂ ಅಲ್ಲ. ದೆಹಲಿಯ ಉದಾಹರಣೆ ನೋಡಿ. ಅಲ್ಲಿ 2022ರ ಡಿಸೆಂಬರ್ 4ರಂದು 250 ವಾರ್ಡ್‌ಗಳಿಗೆ ಚುನಾವಣೆ ನಡೆಯಿತು. ಮೇಯರ್ ಆಯ್ಕೆಯಾದದ್ದು ಮುಂದಿನ ಫೆಬ್ರುವರಿಯಲ್ಲಿ. ಹತ್ತು ಮಂದಿ ನಾಮನಿರ್ದೇಶಿತ ಸದಸ್ಯರನ್ನು ನೇಮಿಸುವ ಅಧಿಕಾರ ಯಾರದ್ದು ಎಂಬ ಜಗಳ ಸುಪ್ರೀಂ ಕೋರ್ಟ್‌ಗೆ ಹೋಯಿತು. 2024ರ ಆಗಸ್ಟ್‌ನಲ್ಲಿ ಅದು ಉಪರಾಜ್ಯಪಾಲರದ್ದು ಎಂದು ತೀರ್ಪಾಯಿತು. ಅಷ್ಟು ಕಾಲ ಸ್ಥಾಯಿ ಸಮಿತಿಯೇ ರಚನೆಯಾಗಲಿಲ್ಲ. ₹5 ಕೋಟಿಗೂ ಮೀರಿದ ಗುತ್ತಿಗೆಗಳಿಗೆ ಆ ಸಮಿತಿಯ ಒಪ್ಪಿಗೆ ಬೇಕಾದ್ದರಿಂದ ಕಸ ವಿಲೇವಾರಿಯಂಥ ಕೆಲಸಗಳೇ ತೊಡರಿಕೊಂಡವು. ಚುನಾವಣೆ ನಡೆದರೆ ಸಾಲದು. ಸಭೆಗೆ ಅದರ ಅಂಗಗಳೂ ಇರಬೇಕು ಎಂಬುದಕ್ಕೆ ರಾಜಧಾನಿಯೇ ಸಾಕ್ಷಿ.

ಚೆನ್ನೈ ಕೂಡ 2016ರ ಅಕ್ಟೋಬರ್‌ನಿಂದ 2022ರ ಫೆಬ್ರುವರಿಯವರೆಗೆ ಐದು ವರ್ಷಕ್ಕೂ ಹೆಚ್ಚು ಕಾಲ ಸಭೆಯಿಲ್ಲದೆ ಕಳೆಯಿತು. ಅಷ್ಟು ಕಾದ ಮೇಲೆ ಬಂದ ಚುನಾವಣೆಯಲ್ಲಿ ಮತ ಹಾಕಿದವರು ಶೇ 44ರಷ್ಟೂ ಇಲ್ಲ. ಹೈದರಾಬಾದ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ನಡೆದ ಪಾಲಿಕೆ ಚುನಾವಣೆಯಲ್ಲೂ ಮತದಾನ ಶೇ 50 ಮುಟ್ಟಲಿಲ್ಲ. ಸರ್ಕಾರಗಳು ಚುನಾವಣೆ ಮುಂದೂಡುವ ಧೈರ್ಯ ಮಾಡುವುದು ಈ ಅಂಕಿಗಳನ್ನು ನೋಡಿಯೇ.

ಊರಿನ ಕಡೆ ಬೆರಳು ತೋರಿಸುವ ಮುನ್ನ

‘ನಮ್ಮ ಕರ್ನಾಟಕದಲ್ಲಿ ಹೀಗಿಲ್ಲ’ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಅಬ್ದುಲ್ ನಜೀರ್ ಸಾಬ್ ಅವರಂಥ ಮಂತ್ರಿ ಇದ್ದ ಕಾಲದಲ್ಲಿ, ಸಂವಿಧಾನ ತಿದ್ದುಪಡಿಗೂ ಮೊದಲೇ, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು.

ಬೆಂಗಳೂರಿನದು ಇನ್ನೊಂದು ಕತೆ. 2015ರ ಆಗಸ್ಟ್‌ನಲ್ಲಿ 198 ವಾರ್ಡ್‌ಗಳಿಗೆ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ವಾರ್ಡ್‌ಗಳು 243 ಆದವು, ನಂತರ 225 ಆದವು. ಹೊಸ ಕಾಯ್ದೆ ಬಂತು, ಅದರ ಮೇಲೆ ಇನ್ನೊಂದು ಕಾಯ್ದೆ ಬಂತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಂತೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ಈ ಎಲ್ಲ ಬದಲಾವಣೆಗಳ ನಡುವೆ ಐದು ವರ್ಷಕ್ಕೂ ಹೆಚ್ಚು ಕಾಲ, ಅಂದರೆ ಒಂದು ಪೂರ್ತಿ ಅವಧಿಗಿಂತ ಹೆಚ್ಚು, ರಾಜಧಾನಿ ಕಾರ್ಪೊರೇಟರ್ ಇಲ್ಲದೆ ನಡೆಯಿತು. 2006ರಿಂದ 2010ರವರೆಗೂ ಹೀಗೇ ಆಗಿತ್ತು. ಪಕ್ಷ ಯಾವುದಾದರೂ ಸರಿ, ರಾಜ್ಯ ಸರ್ಕಾರಗಳಿಗೆ ಪಾಲಿಕೆಯ ಸಭೆ ಎಂದರೆ ಪ್ರತಿಸ್ಪರ್ಧಿ. ವಾರ್ಡ್‌ನಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಶಾಸಕರಿಗೂ ಬೇಡ. ಆದ್ದರಿಂದ ಚುನಾವಣೆ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು.

ನಾವು ಎಲ್ಲಿಯವರು?

ಇಲ್ಲಿ ನಮ್ಮ ಪಾಲು ಏನು? ಮೊದಲನೆಯದು ಮತದಾರರ ಪಟ್ಟಿ. ಒಬ್ಬರ ಹೆಸರು ಒಂದೇ ಕಡೆ ಇರಬೇಕು, ಸಾಮಾನ್ಯವಾಗಿ ವಾಸಿಸುವ ಕಡೆ ಇರಬೇಕು ಎನ್ನುತ್ತದೆ 1950ರ ಪ್ರಜಾಪ್ರತಿನಿಧಿ ಕಾಯ್ದೆ. ವಿಳಾಸ ಬದಲಾವಣೆಗೆ ಫಾರಂ 8 ತುಂಬಿದರೆ ಸಾಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಪಾಲಿಕೆ ಚುನಾವಣೆಗೆ ಬೇರೆ ಪಟ್ಟಿ ಇಲ್ಲ; ವಿಧಾನಸಭೆಯ ಪಟ್ಟಿಯನ್ನೇ ವಾರ್ಡ್‌ವಾರು ಒಡೆಯುತ್ತಾರೆ. ಈ ಸಲ 2025ರ ಜುಲೈ 1ರ ಪಟ್ಟಿಯನ್ನು ತೆಗೆದುಕೊಂಡಿದ್ದರು. ಚುನಾವಣೆ ಘೋಷಣೆಯಾದ ಮೇಲೆ ಎಚ್ಚೆತ್ತವರಿಗೆ ಅವಕಾಶವೇ ಇರಲಿಲ್ಲ.

ಹೆಸರು ಇಲ್ಲಿಗೆ ತರುವುದೆಂದರೆ ಊರಿನ ಪಟ್ಟಿಯಿಂದ ತೆಗೆಸುವುದು. ಇದು ಮನಸ್ಸಿಗೆ ಸುಲಭವಲ್ಲ. ಊರಿನ ಮತಗಟ್ಟೆಯಲ್ಲಿ ಅಪ್ಪನ ಹೆಸರಿನ ಕೆಳಗೆ ನಮ್ಮ ಹೆಸರು ಇರುವುದು ಎಷ್ಟೋ ಜನರಿಗೆ ಇನ್ನೂ ಊರಿನವರಾಗಿ ಉಳಿದಿದ್ದೇವೆ ಎಂಬ ಸಮಾಧಾನ. ಆದರೆ ಯೋಚಿಸಿ. ವರ್ಷಕ್ಕೆ ಹತ್ತು ದಿನ ಹೋಗುವ ಊರಿನ ಪಂಚಾಯಿತಿಯನ್ನು ಅಲ್ಲಿಯೇ ಇರುವ ತಂಗಿಯೂ ಪಕ್ಕದ ಮನೆಯವರೂ ನಮಗಿಂತ ಚೆನ್ನಾಗಿ ಆರಿಸಬಲ್ಲರು. 355 ದಿನ ನೀರು ಕುಡಿಯುವ ಊರಿನ ಬಗ್ಗೆ ನಮ್ಮ ಬದಲು ಯಾರು ಆರಿಸುತ್ತಾರೆ?

ಎರಡನೆಯದು ಭಾಷೆ. ಪಾಲಿಕೆಯ ಕಡತ, ಕಾರ್ಯಸೂಚಿ, ಠರಾವು ಎಲ್ಲ ಮರಾಠಿಯಲ್ಲಿ. ದೇವನಾಗರಿ ಲಿಪಿ ನಮಗೆ ಶಾಲೆಯ ಹಿಂದಿ ಪಾಠದಲ್ಲೇ ಬಂದಿದೆ. ‘ಠರಾವು’ ಎಂಬ ಪದವಂತೂ ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ನ್ಯಾಯವಾಗಿಯೇ ಕೇಳುವ ನಾವು, ಇಲ್ಲಿನ ಪಾಲಿಕೆಯ ಒಂದು ನೋಟಿಸ್ ಓದುವಷ್ಟು ಮರಾಠಿ ಕಲಿಯುವುದು ಅದೇ ನ್ಯಾಯದ ಇನ್ನೊಂದು ಮುಖ. ಇದರಿಂದ ಕನ್ನಡಕ್ಕೆ ನಷ್ಟವೇನೂ ಇಲ್ಲ. ಬದಲಿಗೆ ಲಾಭವಿದೆ. ಮುಂಬೈ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಆ ಕನ್ನಡ ಶಾಲೆಗಳಿಗೆ ಶಿಕ್ಷಕರು ಬೇಕು, ಪಠ್ಯಪುಸ್ತಕ ಬೇಕು, ಕಟ್ಟಡ ರಿಪೇರಿ ಬೇಕು ಎಂಬ ಮಾತು ಇತ್ಯರ್ಥವಾಗುವುದು ವಿಧಾನಸೌಧದಲ್ಲಲ್ಲ, ಮುಂಬೈ ಪಾಲಿಕೆಯ ಶಿಕ್ಷಣ ಸಮಿತಿಯಲ್ಲಿ. ಆ ವಾರ್ಡ್‌ನ ಪಟ್ಟಿಯಲ್ಲಿ ಕನ್ನಡಿಗರ ಹೆಸರು ಎಷ್ಟಿವೆ ಎಂಬುದನ್ನು ಕಾರ್ಪೊರೇಟರ್ ಖಂಡಿತ ಎಣಿಸಿರುತ್ತಾರೆ.

ಮೂರನೆಯದು ನಮ್ಮ ರೂಢಿ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲಿಫ್ಟ್ ನಿರ್ವಹಣೆಗೆ ಯಾಕಿಷ್ಟು ಖರ್ಚಾಯಿತು, ಮೂರು ಕೊಟೇಶನ್ ತಂದಿರಾ ಎಂದು ಎರಡು ಗಂಟೆ ವಾದಿಸುವ ನಾವೇ, ವರ್ಷಕ್ಕೆ ಹತ್ತು ಹದಿನೈದು ಸಾವಿರ ಆಸ್ತಿ ತೆರಿಗೆ ಕಟ್ಟಿ ಅದರ ಲೆಕ್ಕ ಒಮ್ಮೆಯೂ ಕೇಳುವುದಿಲ್ಲ. ಹಿಂಜವಡಿಯ ಸ್ಥಿತಿ ಇದಕ್ಕೆ ಒಳ್ಳೆಯ ಉದಾಹರಣೆ. ಸಾವಿರಾರು ಕನ್ನಡಿಗ ಎಂಜಿನಿಯರ್‌ಗಳು ದಿನವೂ ಹೋಗುವ ಆ ಐಟಿ ಪಾರ್ಕ್ ಇರುವುದು ಪುಣೆ ಪಾಲಿಕೆಯಲ್ಲೂ ಅಲ್ಲ, ಪಿಂಪ್ರಿ ಚಿಂಚವಾಡ ಪಾಲಿಕೆಯಲ್ಲೂ ಅಲ್ಲ. ಕೈಗಾರಿಕಾ ಅಭಿವೃದ್ಧಿ ನಿಗಮ, ಮಹಾನಗರ ಅಭಿವೃದ್ಧಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆ, ಹಿಂಜವಡಿ ಮಾಣ್ ಮಾರುಂಜಿಯಂಥ ಗ್ರಾಮ ಪಂಚಾಯಿತಿಗಳ ನಡುವೆ ಹಂಚಿಹೋಗಿದೆ. ಮಳೆಗಾಲದಲ್ಲಿ ರಸ್ತೆ ಹೊಳೆಯಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. 2025ರ ಮಳೆಗಾಲದಲ್ಲಿ ಆ ಭಾಗವನ್ನು ಪಾಲಿಕೆಗೆ ಸೇರಿಸಿ ಎಂಬ ಕೂಗು ಜೋರಾಗಿಯೇ ಎದ್ದಿತು. ಆದರೆ ಆ ಹೊತ್ತಿಗೂ ಅಲ್ಲೊಂದು ಚುನಾಯಿತ ಸಂಸ್ಥೆ ಇತ್ತು: ಗ್ರಾಮ ಪಂಚಾಯಿತಿ. ಅದರ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಇಪ್ಪತ್ತು ಅಂತಸ್ತಿನ ಕಟ್ಟಡದಲ್ಲಿರುವ ನಮ್ಮಲ್ಲಿ ಎಷ್ಟು ಜನ ಆ ಸಭೆಗೆ ಕಾಲಿಟ್ಟಿದ್ದೇವೆ?

ಈ ಐದು ವರ್ಷ ಏನು ಕೇಳಬೇಕು?

ಈಗ ಪುಣೆಯಲ್ಲಿ 41 ಪ್ರಭಾಗಗಳಿಂದ 165 ಕಾರ್ಪೊರೇಟರ್‌ಗಳು ಬಂದಿದ್ದಾರೆ. ಮುಂಬೈಯಲ್ಲಿ 227 ವಾರ್ಡ್‌ಗಳಿಗೆ ತಲಾ ಒಬ್ಬರಾದರೆ, ಪುಣೆಯಲ್ಲಿ ಒಂದು ಪ್ರಭಾಗಕ್ಕೆ ನಾಲ್ವರು, ಒಂದರಲ್ಲಿ ಮಾತ್ರ ಐವರು. ಒಂದು ಪ್ರಭಾಗದಲ್ಲಿ 2011ರ ಜನಗಣತಿಯ ಲೆಕ್ಕದಲ್ಲೇ ಸರಾಸರಿ 80 ಸಾವಿರಕ್ಕೂ ಹೆಚ್ಚು ಜನ. ನಾಲ್ವರಿದ್ದರೆ ಹೊಣೆ ಯಾರದ್ದು ಎಂಬುದು ಸುಲಭವಾಗಿ ಮಸುಕಾಗುತ್ತದೆ. ಹಾಗಾಗಿ ನಾಲ್ವರಿಗೂ ಒಂದೇ ಪ್ರಶ್ನೆಯನ್ನು ಬರಹದಲ್ಲಿ ಕಳಿಸುವುದು ಒಳ್ಳೆಯದು. ಯಾರು ಉತ್ತರಿಸಿದರು, ಯಾರು ಸುಮ್ಮನಿದ್ದರು ಎಂಬುದು ದಾಖಲೆಯಾಗುತ್ತದೆ.

ಅಳೆಯುವ ಕೋಲನ್ನೂ ಬದಲಿಸಬೇಕು. ಎಷ್ಟು ಬೆಂಚು ಹಾಕಿಸಿದರು, ಗಣೇಶೋತ್ಸವಕ್ಕೆ ಎಷ್ಟು ಕೊಟ್ಟರು ಎಂಬುದು ಅಳತೆಯಲ್ಲ. ಎಷ್ಟು ಸಭೆಗೆ ಬಂದರು, ಎಷ್ಟು ಪ್ರಶ್ನೆ ಕೇಳಿದರು, ಯಾವುದರ ಬಗ್ಗೆ ಕೇಳಿದರು, ಯಾವ ಗುತ್ತಿಗೆಗೆ ಬೇಡ ಎಂದರು ಎಂಬುದು ಅಳತೆ. ಮುಂಬೈಯ ಪ್ರಜಾ ಫೌಂಡೇಶನ್ ಕಾರ್ಪೊರೇಟರ್‌ಗಳ ಹಾಜರಿ ಮತ್ತು ಪ್ರಶ್ನೆಗಳನ್ನು ಲೆಕ್ಕ ಹಾಕಿ ಅಂಕಪಟ್ಟಿ ಪ್ರಕಟಿಸಿಕೊಂಡು ಬಂದಿದೆ. ಡೇಟಾ ಜೊತೆಗೇ ಹೊಟ್ಟೆ ಹೊರೆಯುವ ನಾವು ಅಂಥದ್ದನ್ನು ನಮ್ಮ ನಮ್ಮ ಪ್ರಭಾಗಕ್ಕೆ ಮಾಡುವುದು ಒಂದು ಭಾನುವಾರದ ಕೆಲಸ. ಪುಣೆ ಪಾಲಿಕೆ 2006ರಿಂದ ನಾಗರಿಕರಿಂದ ಬಜೆಟ್‌ಗೆ ಸಲಹೆ ಕರೆಯುವ ಪದ್ಧತಿ ಇಟ್ಟುಕೊಂಡಿದೆ. ಒಂದು ಅರ್ಜಿ ತುಂಬಿ ವಾರ್ಡ್ ಕಚೇರಿಗೆ ಕೊಟ್ಟರೆ ನಮ್ಮ ಬೀದಿಯ ಒಂದು ಕೆಲಸವನ್ನು ಸೂಚಿಸಬಹುದು. ಆ ಅರ್ಜಿಯನ್ನು ಬಜೆಟ್ ಸಭೆಯಲ್ಲಿ ಬೆನ್ನು ಹತ್ತಲು ನಾಲ್ಕು ವರ್ಷ ಯಾರೂ ಇರಲಿಲ್ಲ. ಈಗ ಇದ್ದಾರೆ.

ಕನ್ನಡ ಸಂಘಗಳೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಡಬಹುದು. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಅತಿಥಿಗಳನ್ನು ಕರೆಸುವುದರ ಜೊತೆಗೆ ವರ್ಷಕ್ಕೊಮ್ಮೆ ಸ್ಥಳೀಯ ಕಾರ್ಪೊರೇಟರನ್ನು ಕರೆಸಿ, ಹಾರ ಶಾಲು ಬದಿಗಿಟ್ಟು, ವಾರ್ಡ್‌ನ ಲೆಕ್ಕ ಕೇಳುವ ಸಂಜೆಯೊಂದು ನಡೆಯಲಿ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಗೆ ಹುಡುಕಾಡಬೇಕಿಲ್ಲ. 23 ಗ್ರಾಮಗಳ ಪ್ರತಿ ಮನೆಯ ನಲ್ಲಿಗೂ ಶುದ್ಧೀಕರಿಸಿದ ನೀರು ಯಾವ ತಿಂಗಳಿಂದ ಬರುತ್ತದೆ, ಅದಕ್ಕೆ ಈ ಸಲದ ಬಜೆಟ್‌ನ ಯಾವ ಪುಟದಲ್ಲಿ ಎಷ್ಟು ಹಣ ಇಟ್ಟಿದ್ದೀರಿ?